ಮೆದುಳಿನ ಪೆಟ್ಟಿಗೆ ರಕ್ತದ ಸಾಕ್ಷಿ

2016ನೆಯ ಇಸವಿಯ ಫೆಬ್ರುವರಿ ತಿಂಗಳಿನಲ್ಲಿ ಕನ್ನಡ ನಾಡಿನ ಊರೂರುಗಳ ಜನರು ಒಬ್ಬ ಯೋಧನ ಉಸಿರಿನ ಸುದ್ದಿಗಾಗಿ ಕಾದು ಕುಳಿತಿದ್ದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಆ ತಿಂಗಳ 3ನೆಯ ತಾರೀಖು ಸಿಯಾಚಿನ್ ಹಿಮನದಿಯ ಸೋನಮ್ ಎಂಬ ಠಾಣೆಯ ಮೇಲೆ ಹಿಮರಾಶಿ ಕುಸಿದುಬಿದ್ದು, ಮದರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿಗೆ ಸೇರಿದ ಹತ್ತು ಮಂದಿ ಯೋಧರು ಅದರಡಿಯಲ್ಲಿ ಹೂತುಹೋದರು. ಠಾಣೆ ಇದ್ದುದು ಸಮುದ್ರಮಟ್ಟದಿಂದ ಸುಮಾರು 19,600 ಅಡಿ ಎತ್ತರದಲ್ಲಿ. ಹತ್ತು ಮಂದಿಯಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳವರೂ ಇದ್ದರು. ಆರು ದಿನಗಳಾಗುತ್ತ ಬಂದಾಗ, ಯಾರೂ ಬದುಕಿರಲಾರರೆಂದು ಎಲ್ಲರೂ ಕೈಬಿಟ್ಟಿದ್ದ ಹೊತ್ತಿನಲ್ಲಿ, ಮಂಜನ್ನು ಅಗೆಯುತ್ತಿದ್ದವರಿಗೆ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಸಹಿತ ದೊರೆತರು. ಅವರನ್ನು ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದರು. ಮೆದುಳಿಗೆ ಆಮ್ಲಜನಕ ಸಾಲದೆ ಹೋಗಿರುವ ಗುರುತುಗಳು ಸ್ಕ್ಯಾನ್ ಪರೀಕ್ಷೆಯಲ್ಲಿ ಕಂಡಿವೆಯೆಂದು ವೈದ್ಯರು ಪ್ರಕಟಿಸಿದರು. 11ನೆಯ ತಾರೀಖು ಅವರು ತೀರಿಕೊಂಡರು. ಆಗ ಅವರಿಗೆ 33 ವರ್ಷ.

ನಾನಾಗ ಆರನೆಯ ತರಗತಿಯ ಹುಡುಗ. ನಮ್ಮ ಸೋದರಮಾವನವರು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಗಿರಣಿಯ ಕಚೇರಿಯಲ್ಲಿದ್ದ ಟೆಲಿವಿಷನ್ನಿನ ಮುಂದೆ ಹಮಾಲರು, ಲಾರಿಯವರು, ಭತ್ತ ತಂದ ರೈತರು ಎಲ್ಲರೂ ನಿಂತು ನೋಡುತ್ತಿದ್ದರು. ಮೆದುಳಿನ ಮಾತು ಬಂದಾಗ ಮಾವನವರು, "ತಲಿಗೆ ಏನಾಗೈತಂತ ದಿಲ್ಲಿಗೆ ಒಯ್ದ ಮ್ಯಾಲೇ ಗೊತ್ತಾಗ್ಬೇಕೇನು? ಅಲ್ಲೇ ಗುಡ್ಡದ ಮ್ಯಾಲೆ ನೋಡಾಕ ಬರಂಗಿಲ್ಲೇನು?" ಎಂದು ಯಾರನ್ನೋ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಎಷ್ಟು ಯುಕ್ತವಾದುದೆಂಬುದು ನನಗೆ ತಿಳಿದುದು ಬಹಳ ತಡವಾಗಿ. ಜಗತ್ತಿನ ಕೆಲವು ಪ್ರಯೋಗಶಾಲೆಗಳಲ್ಲಿ ವಿದ್ವಾಂಸರು ಕೇಳಿಕೊಳ್ಳುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ. ಕಲಾ ಕಾಲೇಜಿನ ಪತ್ರಿಕೆಯಲ್ಲಿ ರಕ್ತದ ಅಣುಗಳ ವಿಚಾರವೇಕೆಂದು ಮಿತ್ರರು ನಗಬಹುದು. ಇತಿಹಾಸ ಓದುವವನಿಗೂ ಒಂದು ತಲೆ ಇರುವುದರಿಂದ ನನ್ನನ್ನು ಕ್ಷಮಿಸಬೇಕು. ಹನುಮಂತಪ್ಪನವರ ಮೆದುಳಿಗೆ ಆದುದು ಮುಖ್ಯವಾಗಿ ಆಮ್ಲಜನಕದ ಅಭಾವದ ಹಾನಿ. ಇಲ್ಲಿ ವಿವರಿಸ ಹೊರಟಿರುವುದು ಎತ್ತರದ ಪ್ರದೇಶದಲ್ಲಿ ತಲೆಗೆ ಬೀಳತಕ್ಕ ತೀವ್ರ ಪೆಟ್ಟಿನ ವಿಚಾರ. ಆದರೆ ಈ ಎರಡೂ ಎಲ್ಲಿ ಕೂಡಿಕೊಳ್ಳುತ್ತವೆಂಬುದು ಮುಂದೆ ಸ್ಪಷ್ಟವಾಗುವುದು.

ಮೊದಲು ಎತ್ತರದ ಮಾತು. ನಮ್ಮ ಸಿರುಗುಪ್ಪ ಸಮುದ್ರಮಟ್ಟದಿಂದ ನಾಲ್ಕುನೂರು ಮೀಟರಿಗಿಂತ ಹೆಚ್ಚೇನೂ ಮೇಲಿಲ್ಲದ ಸಪಾಟು ನೆಲ. ಇಲ್ಲಿ ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 725 ಮಿಲಿಮೀಟರು. ಆರು ಸಾವಿರ ಮೀಟರಿನ ಎತ್ತರದಲ್ಲಿ ಅದು ಅದರ ಅರ್ಧಕ್ಕೂ ತುಸು ಕೆಳಗೆ ಇಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಐದರಲ್ಲಿ ಒಂದೇ; ಪಾಲು ಕಡಿಮೆಯಾಗುವುದಿಲ್ಲ, ಗಾಳಿಯೇ ತೆಳ್ಳಗಾಗುತ್ತದೆ. ಆದ್ದರಿಂದ ಒಂದು ಉಸಿರಿಗೆ ಇಲ್ಲಿ ದೊರೆಯುವುದರ ಅರ್ಧದಷ್ಟು ಆಮ್ಲಜನಕ ಮಾತ್ರ ಅಲ್ಲಿ ಶ್ವಾಸಕೋಶವನ್ನು ಮುಟ್ಟುತ್ತದೆ.

ಇನ್ನು ಪೆಟ್ಟಿನ ಮಾತು. ತಲೆಗೆ ಏಟು ಬಿದ್ದಾಗ ಮೆದುಳಿಗೆ ಆಗುವ ಹಾನಿ ಒಂದೇ ಕ್ಷಣದಲ್ಲಿ ಮುಗಿದುಹೋಗುವುದೆಂದು ನಾವು ಭಾವಿಸುತ್ತೇವೆ. ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ಬಿದ್ದಾಗ ಆಗುವುದು ಮೊದಲನೆಯ ಗಾಯ. ತರುವಾಯದ ಗಂಟೆಗಳಲ್ಲಿಯೂ ದಿನಗಳಲ್ಲಿಯೂ ಮೆದುಳು ಊದಿಕೊಂಡು, ರಕ್ತ ಸರಿಯಾಗಿ ಹರಿಯದೆ, ಆಮ್ಲಜನಕ ಸಾಲದೆ, ಮೊದಲಿನ ಏಟಿನಿಂದ ಪಾರಾಗಿದ್ದ ಜೀವಕೋಶಗಳೂ ಸಾಯತೊಡಗುತ್ತವೆ. ಇದು ಎರಡನೆಯ ಗಾಯ. ಮೊದಲನೆಯದನ್ನು ಯಾವ ವೈದ್ಯನೂ ಅಳಿಸಲಾರ. ವೈದ್ಯರ ಹೋರಾಟವೆಲ್ಲ ಎರಡನೆಯದರೊಡನೆ. 1993ರಲ್ಲಿ ಅಮೆರಿಕದಲ್ಲಿ ತಲೆಗೆ ತೀವ್ರ ಪೆಟ್ಟಾದ 717 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಒಂದು ಪ್ರಸಿದ್ಧ ಲೇಖನ ಹೊರಬಂದಿತು. ರಕ್ತದ ಒತ್ತಡ ಕುಸಿದವರೂ, ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 60 ಮಿಲಿಮೀಟರಿನ ಮಟ್ಟಕ್ಕೆ ಇಳಿದವರೂ ಉಳಿದವರಿಗಿಂತ ಕೆಟ್ಟ ಗತಿಯನ್ನು ಕಂಡರೆಂಬುದು ಅದರ ಸಾರ. ಈ ಅರುವತ್ತನ್ನು ನೆನಪಿನಲ್ಲಿಡಬೇಕು. ಆರು ಸಾವಿರ ಮೀಟರಿನ ಎತ್ತರದಲ್ಲಿ ಏನೂ ಗಾಯವಿಲ್ಲದೆ ಕಾವಲು ನಿಂತಿರುವ ಗಟ್ಟಿಮುಟ್ಟಾದ ಯೋಧನ ರಕ್ತದಲ್ಲಿಯೂ ಆಮ್ಲಜನಕದ ಒತ್ತಡ ಅರುವತ್ತಕ್ಕಿಂತ ಕೆಳಗೇ ಇರುತ್ತದೆ. ಬಳ್ಳಾರಿಯ ಆಸ್ಪತ್ರೆಯಲ್ಲಿ ಯಾವುದನ್ನು ಅಪಾಯದ ಗೆರೆಯೆಂದು ಕರೆಯುವರೋ, ಅದರ ಕೆಳಗೆಯೇ ಅಲ್ಲಿಯ ದಿನನಿತ್ಯದ ಬಾಳು ನಡೆದಿರುತ್ತದೆ! ಹೀಗಿರುವಾಗ ಅಲ್ಲಿ ತಲೆಗೆ ಏಟು ಬಿದ್ದರೆ, ಎರಡನೆಯ ಗಾಯಕ್ಕೆ ಬೇಕಾದ ಸಿದ್ಧತೆಯೆಲ್ಲ ಮೊದಲೇ ಆಗಿದ್ದಂತೆಯೇ ಸರಿ.

ಠಾಣೆಯ ವೈದ್ಯಾಧಿಕಾರಿಗೆ ಇನ್ನೊಂದು ತೊಡಕೂ ಉಂಟು. ಎತ್ತರವು ತಾನಾಗಿಯೇ, ಯಾವ ಏಟೂ ಇಲ್ಲದೆ, ಮೆದುಳನ್ನು ಊದಿಸಬಲ್ಲುದು. 1962ರ ಚೀನಾ ಯುದ್ಧದ ಕಾಲದಲ್ಲಿ ನಮ್ಮ ಸೈನಿಕರನ್ನು ಬಯಲು ನಾಡಿನಿಂದ ಥಟ್ಟನೆ ಹಿಮಾಲಯದ ಎತ್ತರಗಳಿಗೆ ಸಾಗಿಸಬೇಕಾಯಿತು. ಆಗ ಕಂಡ ಪರ್ವತರೋಗವನ್ನು ನಮ್ಮ ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ಅಭ್ಯಸಿಸಿ, 1,925 ಮಂದಿ ಸೈನಿಕರ ವಿವರವನ್ನು 1969ರಲ್ಲಿ ಅಮೆರಿಕದ ಒಂದು ಹೆಸರಾಂತ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನಾದ್ಯಂತ ಪರ್ವತವೈದ್ಯದ ವಿದ್ಯಾರ್ಥಿಗಳು ಓದುವ ಲೇಖನ ಅದು. ಆ ರೋಗದ ಲಕ್ಷಣಗಳನ್ನು ನೋಡಿ: ತಲೆನೋವು, ವಾಂತಿ, ಮುಂದುವರಿದರೆ ತೂರಾಡುವ ನಡಿಗೆ, ಮಂಪರು, ಪ್ರಜ್ಞೆ ತಪ್ಪುವುದು. ತಲೆಗೆ ಏಟು ಬಿದ್ದವನ ಲಕ್ಷಣಗಳೂ ಇವೇ. ಮಂಜಿನಲ್ಲಿ ಜಾರಿ ಬಿದ್ದು ತೂಕಡಿಸುತ್ತಿರುವವನು ಬಿದ್ದುದರಿಂದ ಹಾಗಾದನೋ, ಹಾಗಾಗಿದ್ದುದರಿಂದ ಬಿದ್ದನೋ?

ಪ್ರಜ್ಞೆಯ ಆಳವನ್ನು ಅಳೆಯಲು 1974ರಿಂದೀಚೆಗೆ ಗ್ಲಾಸ್ಗೋ ಅಳತೆ ಎಂಬುದು ಬಳಕೆಯಲ್ಲಿದೆ. ಕಣ್ಣು ತೆರೆಯುವನೇ, ಮಾತನಾಡುವನೇ, ಕೈಕಾಲು ಆಡಿಸುವನೇ ಎಂದು ನೋಡಿ ಅಂಕ ಕೊಡುತ್ತಾರೆ. ಪೂರ್ಣಾಂಕ 15, ಕನಿಷ್ಠ 3, ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟು. ಚಳಿಗೆ ಸೆಟೆದು, ಆಮ್ಲಜನಕವಿಲ್ಲದೆ ಮಂಕಾದವನಿಗೆ ಪೆಟ್ಟಿಲ್ಲದಿದ್ದರೂ ಅಂಕ ಇಳಿಯುತ್ತದೆ. ಮೆದುಳಿನ ಒಳಗನ್ನು ತೋರಿಸತಕ್ಕ ಸಿ.ಟಿ. ಯಂತ್ರವನ್ನು ಹಿಮನದಿಯ ಠಾಣೆಗೆ ಹೊತ್ತೊಯ್ಯುವಂತಿಲ್ಲ. ಕೆಳಗಿಳಿಸೋಣವೆಂದರೆ ಹೆಲಿಕಾಪ್ಟರು ಬೇಕು. ಹವೆ ಕೆಟ್ಟಿದ್ದರೆ ಅದು ಬರಲಾರದು, ಬಂದರೂ ಚಾಲಕರ ಪ್ರಾಣವನ್ನು ಪಣಕ್ಕಿಟ್ಟು ಬರಬೇಕು. ಇಬ್ಬರು ಗಾಯಾಳುಗಳಿದ್ದು ಒಬ್ಬನಿಗೆ ಮಾತ್ರ ಸ್ಥಳವಿದ್ದರೆ ಯಾರನ್ನು ಮೊದಲು ಕಳುಹಿಸಬೇಕು? ಒಂದು ಹನಿ ರಕ್ತದಿಂದ ಇದರ ಉತ್ತರ ಹೇಳಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು!

ರಕ್ತದಿಂದ ದೂರದ ಅಂಗವೊಂದರ ಸಂಕಟವನ್ನು ತಿಳಿಯುವುದು ಹೊಸದೇನಲ್ಲ. ಎದೆನೋವೆಂದು ಆಸ್ಪತ್ರೆಗೆ ಹೋದವರ ರಕ್ತದಲ್ಲಿ ಟ್ರೋಪೊನಿನ್ ಎಂಬ ವಸ್ತುವನ್ನು ನೋಡಿ ಹೃದಯಕ್ಕೆ ಆಘಾತವಾಗಿದೆಯೇ ಎಂದು ನಿರ್ಣಯಿಸುವುದು ಈಗ ಸಾಧಾರಣ ಸಂಗತಿ. ಮೆದುಳಿಗೂ ಅಂಥ ಪರೀಕ್ಷೆಯೊಂದಕ್ಕೆ ಅಮೆರಿಕದ ಸರ್ಕಾರ 2018ರಲ್ಲಿ ಅನುಮತಿ ನೀಡಿತು. ಅದು ಎರಡು ಪ್ರೋಟೀನುಗಳನ್ನು ಅಳೆಯುತ್ತದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ವಿದ್ವಾಂಸರ ಕಣ್ಣು ಬಿದ್ದಿರುವುದು ಪ್ರೋಟೀನಿಗಿಂತ ಬಹಳ ಚಿಕ್ಕದಾದ ಇನ್ನೊಂದು ವಸ್ತುವಿನ ಮೇಲೆ. ಅದರ ಹೆಸರು ಮೈಕ್ರೊ ಆರ್.ಎನ್.ಎ.

ಇದನ್ನು ತಿಳಿಯಲು ನಮ್ಮ ತಾಲ್ಲೂಕಿನವರು ದೂರ ಹೋಗಬೇಕಾಗಿಲ್ಲ. ಕಾಲುವೆಯ ದಂಡೆಗೆ ಹೋದರೆ ಸಾಕು. ತುಂಗಭದ್ರೆಯ ಅಣೆಕಟ್ಟೆಯಲ್ಲಿ ನೀರಿದೆಯೆನ್ನೋಣ. ಅದು ಕಾಲುವೆಯಲ್ಲಿ ಹರಿದು ಬಂದು ಗದ್ದೆಗಳನ್ನು ಸೇರಿ ಭತ್ತವಾಗುತ್ತದೆ. ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಅಣೆಕಟ್ಟೆ ಇದೆ. ಅದರಲ್ಲಿರುವ ಆದೇಶಗಳನ್ನು ಸಂದೇಶವಾಹಕ ಆರ್.ಎನ್.ಎ. ಎಂಬ ಕಾಲುವೆಗಳು ಹೊತ್ತು ತರುತ್ತವೆ. ಕೊನೆಯಲ್ಲಿ ಆಗುವ ಬೆಳೆಯೇ ಪ್ರೋಟೀನು. ಆದರೆ ಕಾಲುವೆಯಲ್ಲಿ ಬಂದ ನೀರೆಲ್ಲ ಗದ್ದೆಗೆ ಹೋಗುವುದಿಲ್ಲವಷ್ಟೆ. ನಡುವೆ ನೀರುಗಂಟಿ ಇದ್ದಾನೆ. ಅವನು ನೀರನ್ನು ಹುಟ್ಟಿಸುವವನಲ್ಲ, ಭತ್ತ ಬೆಳೆಯುವವನೂ ಅಲ್ಲ; ಯಾವ ತೂಬನ್ನು ಎಷ್ಟು ಇಳಿಸಬೇಕೆಂಬುದಷ್ಟೇ ಅವನ ಕೆಲಸ. ಮೈಕ್ರೊ ಆರ್.ಎನ್.ಎ. ಅಂಥ ನೀರುಗಂಟಿ. ಸುಮಾರು ಇಪ್ಪತ್ತೆರಡು ಅಕ್ಷರಗಳಷ್ಟೇ ಉದ್ದವಿರುವ ಈ ತುಣುಕು ತನಗೆ ಹೊಂದುವ ಸಂದೇಶದ ಮೇಲೆ ಹೋಗಿ ಕುಳಿತರೆ, ಆ ಸಂದೇಶದಿಂದ ಪ್ರೋಟೀನು ತಯಾರಾಗುವುದು ತಗ್ಗುತ್ತದೆ. ಒಬ್ಬ ನೀರುಗಂಟಿ ಹಲವು ತೂಬುಗಳನ್ನು ನೋಡಿಕೊಳ್ಳುವಂತೆ ಒಂದು ಮೈಕ್ರೊ ಆರ್.ಎನ್.ಎ. ಅನೇಕ ಸಂದೇಶಗಳನ್ನು ಹಿಡಿತದಲ್ಲಿಡಬಲ್ಲುದು. ಮನುಷ್ಯನಲ್ಲಿ ಇಂಥವು ಸಾವಿರಕ್ಕೂ ಮೇಲ್ಪಟ್ಟು ಇವೆ.

ಇವುಗಳ ಪತ್ತೆಯಾದುದು ಒಂದು ಮಿಲಿಮೀಟರು ಉದ್ದದ ಹುಳುವಿನಲ್ಲಿ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಎಂಬ ಅಮೆರಿಕದ ವಿಜ್ಞಾನಿಗಳು ಅದನ್ನು ಪ್ರಕಟಿಸಿದಾಗ, ಇದು ಹುಳುವಿನ ಮಟ್ಟಿಗಿನ ವಿಚಿತ್ರವೆಂದು ಹೆಚ್ಚಿನವರು ಸುಮ್ಮನಾದರು. 2000ದಲ್ಲಿ ರವ್‌ಕುನ್‌ರ ಪ್ರಯೋಗಶಾಲೆಯಲ್ಲಿ ಇನ್ನೊಂದು ದೊರೆಯಿತು. ಅದು ಮನುಷ್ಯನವರೆಗೆ ಎಲ್ಲ ಪ್ರಾಣಿವರ್ಗಗಳಲ್ಲಿಯೂ ಹರಡಿಕೊಂಡಿದ್ದಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಹುಳುವಿನಿಂದ ಪಾರಿತೋಷಕಕ್ಕೆ ಮೂವತ್ತೊಂದು ವರ್ಷ! ಪರೀಕ್ಷೆಯ ಫಲಿತಾಂಶ ಎರಡು ತಿಂಗಳು ತಡವಾದರೆ ಕಳವಳಪಡುವ ನಾವು ಇದನ್ನು ಗಮನಿಸಬಹುದು.

ಜೀವಕೋಶದೊಳಗೆ ಕೆಲಸ ಮಾಡತಕ್ಕ ನೀರುಗಂಟಿ ರಕ್ತಕ್ಕೆ ಬರುವುದು ಹೇಗೆ? ಮೆದುಳಿಗೂ ರಕ್ತಕ್ಕೂ ನಡುವೆ ಬಿಗಿಯಾದ ತಡೆಯೊಂದಿದೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ಹೋಗದಂತೆ, ಮೆದುಳಿನದು ಹೊರಗೆ ಬಾರದಂತೆ ಅದು ಕಾಯುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ನೀರು ಹೇಗೆ ಹೊಳೆಗೆ ನುಗ್ಗಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ತಲೆಗೆ ತೀವ್ರ ಪೆಟ್ಟಾದಾಗ ಈ ತಡೆ ಹರಿದು, ಒಡೆದ ಜೀವಕೋಶಗಳ ಒಳಗಿನ ವಸ್ತುಗಳು ರಕ್ತಕ್ಕೆ ಸೋರುತ್ತವೆ. ಬದುಕಿರುವ ಜೀವಕೋಶಗಳು ಕೂಡ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಮೈಕ್ರೊ ಆರ್.ಎನ್.ಎ.ಯನ್ನು ಕಟ್ಟಿ ಹೊರಕ್ಕೆ ಕಳುಹಿಸುತ್ತವೆ. ಸಾಮಾನ್ಯವಾಗಿ ಆರ್.ಎನ್.ಎ. ರಕ್ತದಲ್ಲಿ ನಿಮಿಷಗಳೊಳಗೆ ನುಚ್ಚುನೂರಾಗುತ್ತದೆ. ಆದರೆ ಮೈಕ್ರೊ ಆರ್.ಎನ್.ಎ.ಗಳು ಇಂಥ ಪೊಟ್ಟಣದಲ್ಲಿಯೋ ಪ್ರೋಟೀನಿನ ಮರೆಯಲ್ಲಿಯೋ ಇರುವುದರಿಂದ ಗಟ್ಟಿಯಾಗಿ ಉಳಿಯುತ್ತವೆಂದು 2008ರಲ್ಲಿ ಹೊರಬಂದ ಸಂಶೋಧನೆಗಳು ತೋರಿಸಿದವು. ಬೇರ್ಪಡಿಸಿದ ಪ್ಲಾಸ್ಮಾವನ್ನು ಒಂದು ದಿನ ಹೊರಗಿಟ್ಟರೂ ಅವುಗಳ ಪ್ರಮಾಣ ಹೆಚ್ಚು ಬದಲಾಗಲಿಲ್ಲ. ದೂರದ ಠಾಣೆಯಿಂದ ರಕ್ತವನ್ನು ಕೆಳಗೆ ಕಳುಹಿಸಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ.

ಅಳೆಯುವ ವಿಧಾನದ ಹೆಸರನ್ನು ವಾಚಕರು ಬಲ್ಲರು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಆರ್.ಟಿ.ಪಿ.ಸಿ.ಆರ್. ಎಂಬ ಪದವನ್ನು ಕಲಿತರಷ್ಟೆ, ಅದೇ ಇದು. ಆರ್.ಎನ್.ಎ.ಯನ್ನು ಡಿ.ಎನ್.ಎ.ಯಾಗಿ ಪರಿವರ್ತಿಸಿ, ಒಂದೊಂದು ಸುತ್ತಿಗೂ ಅದನ್ನು ಇಮ್ಮಡಿಗೊಳಿಸುತ್ತ ಹೋಗುತ್ತಾರೆ. ಕಣ್ಣಿಗೆ ಕಾಣುವಷ್ಟಾಗಲು ಎಷ್ಟು ಸುತ್ತು ಬೇಕಾಯಿತೆಂದು ಎಣಿಸುತ್ತಾರೆ. ಒಬ್ಬನ ರಕ್ತಕ್ಕೆ 28 ಸುತ್ತು, ಇನ್ನೊಬ್ಬನದಕ್ಕೆ 25 ಸುತ್ತು ಬೇಕಾದರೆ, ಮೂರು ಸುತ್ತಿನ ಅಂತರವೆಂದರೆ ಎರಡನೆಯವನಲ್ಲಿ ಎಂಟು ಪಟ್ಟು ಹೆಚ್ಚು ಇದ್ದಿತೆಂದು ಅರ್ಥ. ಸುತ್ತು ಕಡಿಮೆಯಾದಷ್ಟೂ ಸರಕು ಹೆಚ್ಚು.

2010ರಲ್ಲಿ ಅಮೆರಿಕದ ಟೆಕ್ಸಾಸಿನ ಸಂಶೋಧಕರು ತಲೆಗೆ ಪೆಟ್ಟಾದವರ ರಕ್ತವನ್ನು ಹೀಗೆ ನೋಡಿದರು. ಆರೋಗ್ಯವಂತರ ಪ್ಲಾಸ್ಮಾದಲ್ಲಿ ಅವರಿಗೆ ದೊರೆತುದು 108 ಬಗೆಯ ಮೈಕ್ರೊ ಆರ್.ಎನ್.ಎ. ತೀವ್ರ ಪೆಟ್ಟಾದವರಲ್ಲಿ ಅವುಗಳ ಪೈಕಿ 52ರ ಪ್ರಮಾಣ ಬದಲಾಗಿತ್ತು: 33 ಇಳಿದಿದ್ದವು, 19 ಏರಿದ್ದವು. ಇನ್ನೂ ಎಂಟು ಪೆಟ್ಟಾದವರಲ್ಲಿ ಮಾತ್ರ ಕಂಡವು. ಎಲ್ಲಕ್ಕಿಂತ ಸ್ಪಷ್ಟವಾಗಿ ಗುರುತು ಹಿಡಿದುಕೊಟ್ಟವು ಮೂರು: ಮಿರ್-16, ಮಿರ್-92ಎ ಎಂಬ ಎರಡು ಇಳಿದಿದ್ದವು, ಮಿರ್-765 ಏರಿತ್ತು. ವಿಚಿತ್ರವೇನೆಂದರೆ, ಸೌಮ್ಯವಾದ ಪೆಟ್ಟಾದವರಲ್ಲಿ ಮೊದಲ ಇಪ್ಪತ್ತನಾಲ್ಕು ಗಂಟೆಗಳೊಳಗೆ ಆ ಮೊದಲೆರಡು ಇಳಿಯುವ ಬದಲು ಏರಿದ್ದವು! ಪೆಟ್ಟು ಹೆಚ್ಚಾದಷ್ಟೂ ಮುಳ್ಳು ಒಂದೇ ದಿಕ್ಕಿಗೆ ಸರಿಯುವುದೆಂಬ ನಮ್ಮ ಸರಳ ಊಹೆಗೆ ರಕ್ತ ಕಿವಿಗೊಡುವುದಿಲ್ಲ.

ಇದಲ್ಲದೆ ಮಿರ್-16ರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಪತ್ರಿಕೆಗಳ ವಿಜ್ಞಾನವಾರ್ತೆಗಳಲ್ಲಿ ಇದು ಕಾಣಸಿಗುವುದು ಅಪರೂಪ. ಈ ಮಿರ್-16 ಮೆದುಳಿನ ಸ್ವತ್ತೇ ಅಲ್ಲ. ಅದು ಕೆಂಪು ರಕ್ತಕಣಗಳಲ್ಲಿ ತುಂಬಿಕೊಂಡಿರತಕ್ಕದ್ದು. ರಕ್ತ ತೆಗೆಯುವಾಗ ಕೆಲವು ಕೆಂಪು ಕಣಗಳು ಒಡೆದು ಪ್ಲಾಸ್ಮಾ ತುಸು ಗುಲಾಬಿ ಬಣ್ಣಕ್ಕೆ ತಿರುಗಿದರೂ ಸಾಕು, ಮಿರ್-16 ಮತ್ತು ಮಿರ್-451ರ ಲೆಕ್ಕ ಮೇಲಕ್ಕೆ ಹಾರುತ್ತದೆ. ಎತ್ತರದ ಠಾಣೆಯಲ್ಲಿ ಈ ತೊಂದರೆ ಇಮ್ಮಡಿ. ಮೊದಲನೆಯದಾಗಿ, ಎತ್ತರದಲ್ಲಿ ವಾರಗಟ್ಟಲೆ ಇದ್ದವರ ದೇಹ ಕೆಂಪು ಕಣಗಳನ್ನು ಹೆಚ್ಚಿಸಿಕೊಂಡಿರುತ್ತದೆ. ಎರಡನೆಯದಾಗಿ, ಪ್ಲಾಸ್ಮಾವನ್ನು ಬೇರ್ಪಡಿಸುವ ಮುನ್ನವೇ ಆ ಚಳಿಯಲ್ಲಿ ರಕ್ತದ ನಳಿಗೆ ಹೆಪ್ಪುಗಟ್ಟಿದರೆ ಕಣಗಳು ಒಡೆದೇ ಒಡೆಯುತ್ತವೆ. ಮಿರ್-124ರಂತಹ, ನರಕೋಶಗಳಲ್ಲಿಯೇ ವಿಶೇಷವಾಗಿ ಇರುವ ಬಗೆಗಳನ್ನು ನೆಚ್ಚುವುದು ಮೇಲೆಂದು ನನಗೆ ತೋರುತ್ತದೆ. ಆದರೆ ಅವು ರಕ್ತದಲ್ಲಿ ಬಹಳ ಕಡಿಮೆ.

ಕೆಂಪು ಕಣಗಳ ಮಾತು ಹಾಗಿರಲಿ, ಎತ್ತರವು ನೇರವಾಗಿಯೇ ಮೈಕ್ರೊ ಆರ್.ಎನ್.ಎ.ಗಳನ್ನು ಬದಲಿಸುತ್ತದೆ. ಆಮ್ಲಜನಕ ಸಾಕಷ್ಟಿರುವಾಗ ಜೀವಕೋಶವು ಹಿಫ್ ಎಂಬ ಪ್ರೋಟೀನನ್ನು ತಯಾರಿಸಿದಂತೆಯೇ ನಾಶಪಡಿಸುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಅದು ನಾಶವಾಗದೆ ಉಳಿದು, ಅನೇಕ ವಂಶವಾಹಿಗಳನ್ನು ಎಬ್ಬಿಸುತ್ತದೆ. ಈ ಏರ್ಪಾಡನ್ನು ಬಿಡಿಸಿ ತೋರಿಸಿದ ಮೂವರಿಗೆ 2019ರ ನೊಬೆಲ್ ಪಾರಿತೋಷಕ ದೊರೆಯಿತು. ಹಾಗೆ ಎದ್ದು ಕೂರುವವುಗಳಲ್ಲಿ ಮಿರ್-210 ಒಂದು. ಜೀವಕೋಶ ಆಮ್ಲಜನಕವನ್ನು ಉರಿಸುವ ಒಲೆಯನ್ನೇ ತುಸು ತಗ್ಗಿಸುವುದು ಅದರ ಕೆಲಸ. ಅಣೆಕಟ್ಟೆಯಲ್ಲಿ ನೀರು ಕಡಿಮೆಯಾದ ವರ್ಷ ನಮ್ಮ ಕಾಲುವೆಗಳಿಗೆ ಆನ್ ಅಂಡ್ ಆಫ್ ಪದ್ಧತಿಯಲ್ಲಿ ನೀರು ಬಿಡುವರಲ್ಲ, ಹಾಗೆ ಇದೂ ಬರಗಾಲದ ನೀರುಗಂಟಿ.

ಇಲ್ಲಿಗೆ ನಾವು ಮೂಲ ತೊಡಕನ್ನು ಮುಟ್ಟಿದೆವು. ಹನುಮಂತಪ್ಪನವರಂತೆ ಆಮ್ಲಜನಕವಿಲ್ಲದೆ ಬಳಲಿದ ಮೆದುಳೂ, ಏಟು ತಿಂದ ಮೆದುಳೂ, ಎತ್ತರಕ್ಕೆ ಹೊಂದಿಕೊಂಡ ಆರೋಗ್ಯವಂತನ ಶರೀರವೂ ಒಂದೇ ರಕ್ತದಲ್ಲಿ ತಮ್ಮ ತಮ್ಮ ಗುರುತು ಬಿಡುತ್ತವೆ. ಬಯಲು ನಾಡಿನ ಆಸ್ಪತ್ರೆಯಲ್ಲಿ ತಯಾರಿಸಿದ ಪಟ್ಟಿಯನ್ನು ಹಿಡಿದು ಸಿಯಾಚಿನ್ನಿನ ರಕ್ತವನ್ನು ಓದಿದರೆ, ಬೆಟ್ಟ ಬರೆದುದನ್ನು ಗಾಯ ಬರೆದುದೆಂದು ತಪ್ಪು ತಿಳಿಯುವ ಸಂಭವ ಧಾರಾಳವಾಗಿದೆ. ಅದರ ಫಲವಾಗಿ ಗಾಯವಿಲ್ಲದವನಿಗಾಗಿ ಹೆಲಿಕಾಪ್ಟರು ಹಾರಬಹುದು. ಗಾಯವಾದವನು ಡೇರೆಯಲ್ಲಿ ಉಳಿಯಬಹುದು. ಆದುದರಿಂದ ಎತ್ತರದಲ್ಲಿಯೇ ವಾಸಿಸುವವರಲ್ಲಿ, ಎತ್ತರದಲ್ಲಿಯೇ ಪೆಟ್ಟಾದವರಲ್ಲಿ ಈ ಅಭ್ಯಾಸವನ್ನು ಬೇರೆಯಾಗಿ ನಡೆಸುವುದು ಅವಶ್ಯ. ಚೀನಾದ ವೈದ್ಯರು ಅಂಥದೊಂದನ್ನು 2019ರಲ್ಲಿ ಪ್ರಕಟಿಸಿದರು. ಎತ್ತರದ ಪ್ರದೇಶದಲ್ಲಿ ತಲೆಗೆ ತೀವ್ರ ಪೆಟ್ಟಾದವರ ರಕ್ತವನ್ನು ಒಂದು ಸಲ ನೋಡಿ ಬಿಡದೆ, ದಿನ ಕಳೆದಂತೆ ಮೈಕ್ರೊ ಆರ್.ಎನ್.ಎ.ಗಳು ಹೇಗೆ ಏರಿಳಿಯುತ್ತವೆಂಬುದನ್ನು ಅವರು ಹಿಂಬಾಲಿಸಿದರು. ಇದು ಸರಿಯಾದ ಮಾರ್ಗ. ಒಂದೇ ಹೊತ್ತಿನ ಅಳತೆಗಿಂತ ಏರಿಳಿತದ ಗತಿ ಹೆಚ್ಚು ಹೇಳುತ್ತದೆ. ಹೊಳೆಯ ಮಟ್ಟವನ್ನು ಒಮ್ಮೆ ನೋಡಿದವನಿಗೆ ನೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲಾರದು.

ನನ್ನ ಅಲ್ಪಮತಿಗೆ ಇನ್ನೊಂದು ಉಪಾಯವೂ ತೋರುತ್ತದೆ. ಅನ್ಯರ ರಕ್ತದೊಡನೆ ಹೋಲಿಸುವುದಕ್ಕಿಂತ ಅದೇ ಮನುಷ್ಯನ ಹಿಂದಿನ ರಕ್ತದೊಡನೆ ಹೋಲಿಸಿದರೆ ಬೆಟ್ಟದ ಪಾಲನ್ನು ಕಳೆದು ಗಾಯದ ಪಾಲನ್ನು ಉಳಿಸಿಕೊಳ್ಳಬಹುದು. ನಮ್ಮ ಸೇನೆಯಲ್ಲಿ ಯಾರನ್ನೂ ಒಮ್ಮೆಲೇ ಮೇಲಕ್ಕೆ ಕಳುಹಿಸುವುದಿಲ್ಲ. ಒಂಬತ್ತು ಸಾವಿರ ಅಡಿಯ ಮೇಲೆ ಆರು ದಿನ, ಹನ್ನೆರಡು ಸಾವಿರದ ಮೇಲೆ ನಾಲ್ಕು ದಿನ, ಹದಿನೈದು ಸಾವಿರದ ಮೇಲೆ ಮತ್ತೆ ನಾಲ್ಕು ದಿನ ಎಂದು ಹದಿನಾಲ್ಕು ದಿನಗಳ ಕಾಲ ಶರೀರವನ್ನು ಹೊಂದಿಸುವ ಕ್ರಮವಿದೆ. ಆ ಒಂದೊಂದು ಹಂತದಲ್ಲಿಯೂ ಒಂದೊಂದು ಚಮಚ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಹೆಸರು ಬರೆದು ಶೈತ್ಯಾಗಾರದಲ್ಲಿಟ್ಟರೆ, ಆಮೇಲೆ ಬೇಕಾದಾಗ ಹೋಲಿಸಿ ನೋಡಲು ಅವನ ಸ್ವಂತ ಅಳತೆಗೋಲೇ ಸಿದ್ಧವಿರುತ್ತದೆ. ಇಂಥ ಸಂಗ್ರಹಕಾರ್ಯ ನಮ್ಮವರಿಗೆ ಅಪರಿಚಿತವೇನಲ್ಲ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ದಾನವಾಗಿ ಬಂದ ಮೆದುಳುಗಳನ್ನು ಅಭ್ಯಾಸಕ್ಕಾಗಿ ಕಾಪಾಡುವ ಭಂಡಾರ 1995ರಿಂದ ನಡೆದುಬಂದಿದೆ.

ಪ್ರಯೋಗಶಾಲೆಯಲ್ಲಿ ಒಂದು ಅಳತೆಗೆ ಈಗಲೂ ಕೆಲವು ಗಂಟೆಗಳು ಬೇಕು. ತಲೆಗೆ ಪೆಟ್ಟಾದವನಿಗೆ ಆ ಗಂಟೆಗಳೇ ಬೆಲೆಯುಳ್ಳವು. ಮೈಕ್ರೊ ಆರ್.ಎನ್.ಎ. ನೋಡಿ ಮೆದುಳಿನ ಪೆಟ್ಟನ್ನು ನಿರ್ಣಯಿಸುವುದು ಇನ್ನೂ ಆಸ್ಪತ್ರೆಗಳ ರೂಢಿಗೆ ಬಂದಿಲ್ಲ. ಮಾವನವರು ಈಗಲೂ ಅದೇ ಗಿರಣಿಯಲ್ಲಿದ್ದಾರೆ. ಈ ಲೇಖನ ಬರೆಯುತ್ತಿರುವಾಗ ಅವರಿಗೆ ಇದೆಲ್ಲವನ್ನೂ ವಿವರಿಸಿ ಹೇಳಿದೆ. ಎಲ್ಲ ಕೇಳಿ, "ಹಂಗಾದ್ರ ಇನ್ನಾ ಬರಂಗಿಲ್ಲನ್ನು" ಎಂದರು. ಇನ್ನೂ ಬರುವುದಿಲ್ಲ ಮಾವಾ, ಆದರೆ ಏಕೆ ಬರುವುದಿಲ್ಲವೆಂಬುದು ಈಗ ಗೊತ್ತಾಗಿದೆ ಎಂದೆ. ಅವರು ಕನ್ನಡಕ ಏರಿಸಿಕೊಂಡು ಲೆಕ್ಕದ ಪುಸ್ತಕಕ್ಕೆ ಮರಳಿದರು.